ಕೈಗಡಿಯಾರದ ಸಂಗ್ರಹವೂ ರುಚಿಯ ವಿವೇಕವೂ

ಲೋಕದಲ್ಲಿ ಮನುಷ್ಯರ ರುಚಿಗಳು ನಾನಾ ವಿಧವಾಗಿರುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಒಬ್ಬನಿಗೆ ಹುಣಿಸೆಯ ಗೊಜ್ಜು ಪ್ರಿಯವಾದರೆ ಮತ್ತೊಬ್ಬನಿಗೆ ಮಜ್ಜಿಗೆಹುಳಿ ಪ್ರಿಯವಾದೀತು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಈ ಅಲ್ಪಸತ್ಯವೊಂದನ್ನೇ ಆಶ್ರಯಿಸಿ, "ನನ್ನ ಇಷ್ಟ" ಎಂಬ ಎರಡು ಮಾತುಗಳಿಂದ ಸಕಲ ಪ್ರಶ್ನೆಗಳಿಗೂ ಬಾಗಿಲು ಹಾಕಬಹುದೆಂದು ಭಾವಿಸುವವರು ಈಚೆಗೆ ಹೆಚ್ಚುತ್ತಿದ್ದಾರೆ. ಇಷ್ಟವೆಂಬುದು ಒಂದು ಕಾರಣವೆ? ಅಥವಾ ಕಾರಣವನ್ನು ಕೇಳಬೇಡಿರೆಂಬ ಅಡ್ಡಗೋಡೆಯೆ? ಈ ಪ್ರಶ್ನೆಯನ್ನು ಧರ್ಮಶಾಸ್ತ್ರದಲ್ಲಾಗಲಿ ಕಾವ್ಯಮೀಮಾಂಸೆಯಲ್ಲಾಗಲಿ ಎತ್ತಿದರೆ ಪಂಡಿತರು ಮಾತ್ರವೇ ಕಿವಿಗೊಟ್ಟಾರು. ಆದುದರಿಂದ ಮನೆಮನೆಯಲ್ಲಿಯೂ ಇರುವ, ಮಕ್ಕಳೂ ಬಲ್ಲ ಒಂದು ವಸ್ತುವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಯುಕ್ತ. ಆ ವಸ್ತುವು ಕೈಗಡಿಯಾರ.

ಮೈಸೂರಿನಿಂದ ನಂಜನಗೂಡನ್ನು ದಾಟಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲೆ ಬೇಗೂರು ಇದೆ. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿಯ ಊರು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯು ಬೇರೆಯಾಗುವವರೆಗೆ ಮೈಸೂರು ಜಿಲ್ಲೆಗೇ ಸೇರಿತ್ತು. ಈ ಊರಿನ ಒಂದು ಮನೆಯಲ್ಲಿ ನಡೆದ ಸಂಗತಿಯಿದು. ಮನೆಯ ಯಜಮಾನರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಒಂದು ಎಚ್.ಎಂ.ಟಿ. ಜನತಾ ಗಡಿಯಾರ. ಅದು ಮೂವತ್ತು ವರ್ಷ ಅವರ ಎಡಗೈಯಲ್ಲಿದ್ದುದು. ಅದರ ಬಿಳಿಯ ಮುಖವು ಹಳದಿಗೆ ತಿರುಗಿ, ನಾಲ್ಕು ಗಂಟೆಯ ಗುರುತಿನ ಬಳಿ ಒಂದು ಕಂದುಕಲೆ ಬಿದ್ದಿತ್ತು. ಎಂದೋ ಮಳೆಯಲ್ಲಿ ನೆನೆದಾಗ ಒಳಗೆ ನೀರು ಹೊಕ್ಕುದರ ಗುರುತು ಅದು. ಮಗನು ಮೈಸೂರಿನಲ್ಲಿ ಉದ್ಯೋಗಸ್ಥನು, ಕೈಗಡಿಯಾರಗಳ ಸಂಗ್ರಾಹಕನು. ಅವನ ಪೆಟ್ಟಿಗೆಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಗಡಿಯಾರಗಳಿವೆ. ಅವನು ತಂದೆಯ ಗಡಿಯಾರವನ್ನು ಹೊಸದು ಮಾಡಿಸಲೆಂದು ದೂರದ ಊರಿಗೆ ಕಳುಹಿಸಿದನು. ಒಂದು ತಿಂಗಳಿಗೆ ಅದು ತಿರುಗಿ ಬಂದಾಗ ಮುಖಕ್ಕೆ ನವಿಲುಗೊರಳಿನ ಬಣ್ಣ ಬಂದಿತ್ತು, ಸೆಕೆಂಡಿನ ಮುಳ್ಳು ಕೆಂಪಾಗಿತ್ತು, ಕವಚವು ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ತಾಯಿಗೆ ತೋರಿಸಿದನು. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಿಮ್ಮಪ್ಪನದಲ್ಲ ಕಣಪ್ಪ. ಅದರ ಮುಖ ನನಗೆ ಗೊತ್ತು" ಎಂದರು. "ಅದೇ ಅವ್ವ, ಒಳಗಿರುವುದೆಲ್ಲ ಅದೇ. ಬಣ್ಣ ಮಾತ್ರ ನನ್ನ ಇಷ್ಟದ್ದು" ಎಂದು ಮಗನು ಸಮಾಧಾನ ಹೇಳಿದನು. ಆಕೆ ಮತ್ತೆ ಮಾತನಾಡದೆ ಗಡಿಯಾರವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದರು.

ಪ್ರಕೃತ ವಿಚಾರಕ್ಕೆ ಈ ಒಂದು ಪ್ರಸಂಗವೇ ಸಾಕು. ಮಗನು ದುಷ್ಟನಲ್ಲ. ತಂದೆಯ ಗಡಿಯಾರವನ್ನು ಹಳೆಯ ಸಾಮಾನಿನವನಿಗೆ ಮಾರಿದವನೂ ಅಲ್ಲ. ಹಣ ವೆಚ್ಚಮಾಡಿ ಅದನ್ನು ಉಳಿಸಿಕೊಳ್ಳಬೇಕೆಂದೇ ಹೊರಟವನು. ಹಾಗಿದ್ದರೂ ಗಡಿಯಾರವು ಉಳಿಯಲಿಲ್ಲ. ಪ್ರೀತಿಯಿದ್ದೂ ವಸ್ತುವು ಕೈತಪ್ಪಿಹೋದುದು ಹೇಗೆ ಎಂಬುದನ್ನು ಶೋಧಿಸಿದರೆ, ಸಂಗ್ರಹವೆಂದರೇನು, ರುಚಿಯೆಂದರೇನು ಎಂಬ ಎರಡು ವಿಷಯಗಳೂ ಸ್ಪಷ್ಟವಾಗುವುವು.

ಮೊದಲು ಎದುರಿಗೆ ಬರುವವರು, ಸಂಗ್ರಹವೇ ಸಲ್ಲದೆನ್ನುವ ಹಿರಿಯರು. "ಒಬ್ಬನಿಗೆ ಎರಡು ಕೈ, ಗಡಿಯಾರ ಕಟ್ಟುವುದು ಒಂದಕ್ಕೆ. ಮೂವತ್ತು ಏತಕ್ಕೆ? ಈಗಂತೂ ಕಿಸೆಯಲ್ಲಿರುವ ಮೊಬೈಲು ಸೆಕೆಂಡು ತಪ್ಪದೆ ವೇಳೆಯನ್ನು ತೋರಿಸುತ್ತದೆ. ಇದೆಲ್ಲ ಪರಿಗ್ರಹದ ರೋಗ" ಎಂಬುದು ಅವರ ವಾದ. ಕೇಳುವುದಕ್ಕೆ ಈ ಮಾತು ಘನವಾಗಿದೆ. ಆದರೆ ಇದನ್ನು ಆಡುವವರ ಮನೆಯ ಕಪಾಟುಗಳನ್ನೇ ತೆರೆದು ನೋಡಬೇಕು. ಒಂದೇ ಕಾವ್ಯಕ್ಕೆ ಮೂರು ವ್ಯಾಖ್ಯಾನಗಳನ್ನು ಇಟ್ಟುಕೊಂಡಿರುವ ಪಂಡಿತರನ್ನು ಯಾರೂ ಪರಿಗ್ರಹಿಯೆಂದು ಜರೆಯುವುದಿಲ್ಲ. ಏಕೆಂದರೆ ಒಬ್ಬ ವ್ಯಾಖ್ಯಾನಕಾರನು ಬಿಟ್ಟುದನ್ನು ಇನ್ನೊಬ್ಬನು ಹಿಡಿಯುತ್ತಾನೆ; ಮೂರನ್ನೂ ಪಕ್ಕದಲ್ಲಿರಿಸಿಕೊಂಡವನಿಗೆ ಮೂಲವು ಚೆನ್ನಾಗಿ ತಿಳಿಯುತ್ತದೆ. ಯೋಗ್ಯವಾದ ಯಾವ ಸಂಗ್ರಹವೂ ಹೀಗೆಯೇ ತಾರತಮ್ಯಜ್ಞಾನಕ್ಕೆ ಸಾಧನ. ಆದುದರಿಂದ ಸಂಗ್ರಹವು ದೋಷವೆಂಬ ಪಕ್ಷವನ್ನು ಒಪ್ಪುವಂತಿಲ್ಲ. ದೋಷವಿದ್ದರೆ ಅದು ಎಣಿಕೆಯಲ್ಲಿಲ್ಲ, ಬೇರೆಲ್ಲಿಯೋ ಇದೆ.

ಕೈಗಡಿಯಾರದಲ್ಲಿ ಒಬ್ಬೊಬ್ಬನ ರುಚಿಗೂ ಇಷ್ಟು ಅವಕಾಶ ಹೇಗೆ ದೊರೆಯಿತೆಂಬುದನ್ನೂ ನೋಡಬೇಕು. ಪೂರ್ವದಲ್ಲಿ ಕಾಲವನ್ನು ಅಳೆಯುವುದಕ್ಕೆ ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ ಈಗಿನ ೨೪ ನಿಮಿಷ. ಅಂಥ ೬೦ ಗಳಿಗೆಗಳು ಸೇರಿದರೆ ಒಂದು ಅಹೋರಾತ್ರ. ಆ ಬಟ್ಟಲು ದೇವಾಲಯದ್ದು ಅಥವಾ ಅರಮನೆಯದು. ಅದರ ಅಂದಚಂದದಲ್ಲಿ ಸಾಮಾನ್ಯನ ಇಷ್ಟಕ್ಕೆ ಎಡೆಯಿರಲಿಲ್ಲ. ಬಳಿಕ ಗೋಪುರದ ಗಡಿಯಾರಗಳು ಬಂದುವು. ಮೈಸೂರಿನ ದೊಡ್ಡ ಗಡಿಯಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸ್ಮಾರಕವಾಗಿ ೧೯೨೭ರಲ್ಲಿ ಕಟ್ಟಿದರು. ಅದಕ್ಕೆ ಹಣ ಕೂಡಿಸಿದವರು ಅರಮನೆಯ ನೌಕರರು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಅದು ಒಂದು ಊರಿನ ರುಚಿ. ಬೀದಿಯಲ್ಲಿ ಹೋಗುವವನು ಅದನ್ನು ನೋಡಿ ಮೆಚ್ಚಬಹುದೇ ಹೊರತು ತನಗೆ ಬೇಕಾದಂತೆ ಬದಲಾಯಿಸಲಾರನು. ಆಮೇಲೆ ಕಿಸೆಯ ಗಡಿಯಾರ; ಕಡೆಗೆ ಕೈಗಡಿಯಾರ. ಯೂರೋಪಿನಲ್ಲಿ ಇದನ್ನು ಬಹುಕಾಲ ಹೆಂಗಸರ ಆಭರಣವೆಂದು ಭಾವಿಸಿದ್ದರು. ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕನಿಗೆ ಕಿಸೆಗೆ ಕೈಹಾಕಲು ಬಿಡುವಿಲ್ಲದೆ ಹೋದುದರಿಂದ ಗಂಡಸರ ಮಣಿಕಟ್ಟಿಗೂ ಅದು ಏರಿತು. ಹೀಗೆ ಕಾಲಮಾಪಕವು ದೇವಾಲಯದಿಂದ ಬೀದಿಗೆ, ಬೀದಿಯಿಂದ ಕಿಸೆಗೆ, ಕಿಸೆಯಿಂದ ಚರ್ಮಕ್ಕೆ ಬಂದು ತಗುಲಿತು. ಚರ್ಮಕ್ಕೆ ತಗುಲಿದ ವಸ್ತುವಿನಲ್ಲಿ ವ್ಯಕ್ತಿಯ ರುಚಿಯು ತಲೆಯೆತ್ತುವುದು ಸಹಜವೇ.

ಕನ್ನಡನಾಡಿನ ಮನೆಗಳಿಗೆ ಕೈಗಡಿಯಾರವು ಸುಲಭವಾಗಿ ಬಂದುದು ಬೆಂಗಳೂರಿನ ಜಾಲಹಳ್ಳಿಯಿಂದ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ೧೯೬೧ರಲ್ಲಿ ಅಲ್ಲಿ ಗಡಿಯಾರದ ಕಾರ್ಖಾನೆಯನ್ನು ಆರಂಭಿಸಿತು. ಮೊದಲ ಗಡಿಯಾರಗಳನ್ನು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಬಿಡುಗಡೆ ಮಾಡಿದರು. ೧೯೭೮ರಲ್ಲಿ ತುಮಕೂರಿನಲ್ಲಿಯೂ ಒಂದು ಕಾರ್ಖಾನೆಯಾಯಿತು. ಅದಕ್ಕೆ ಮೊದಲು ಈ ಸೀಮೆಯಲ್ಲಿ ಕೈಗಡಿಯಾರವೆಂದರೆ ವೆಸ್ಟ್ ಎಂಡ್, ಫಾವ್ರ್ ಲೂಬಾ ಮೊದಲಾದ ವಿದೇಶದ ಸರಕು, ಉಳ್ಳವರ ಸೊತ್ತು. ಜಾಲಹಳ್ಳಿಯ ಗಡಿಯಾರಗಳು ಗುಮಾಸ್ತರ, ಉಪಾಧ್ಯಾಯರ, ಬಸ್ಸಿನ ಕಂಡಕ್ಟರರ ಕೈಗೆ ಬಂದುವು. ಸರಳಮುಖದ ಜನತಾ, ಕಪ್ಪು ಮುಖದ ಪೈಲಟ್, ತೆಳ್ಳಗಿನ ಸೋನಾ, ಕೀಲಿ ಕೊಡದಿದ್ದರೂ ಕೈಯ ಚಲನೆಯಿಂದಲೇ ಸುತ್ತಿಕೊಳ್ಳುವ, ಹೊನ್ನಿನ ಬಣ್ಣದ ಕಾಂಚನ. ಈ ಕೊನೆಯದು ಮದುವೆಯಲ್ಲಿ ಅಳಿಯನಿಗೆ ಕೊಡುವ ಗಡಿಯಾರವೆಂದು ಪ್ರಸಿದ್ಧವಾಗಿ, ಸುಲಭವಾಗಿ ದೊರೆಯದಿದ್ದ ಕಾಲವೂ ಇತ್ತು. ಕುರುಡರಿಗೆಂದು ಮುಚ್ಚಳ ತೆರೆದು ಬೆರಳಿನಿಂದ ಮುಟ್ಟಿ ವೇಳೆಯನ್ನು ತಿಳಿಯುವ ಬ್ರೈಲ್ ಗಡಿಯಾರವನ್ನೂ ಆ ಸಂಸ್ಥೆಯು ಮಾಡಿತು.

ಆ ಕಾಲದ ಗೃಹಸ್ಥನಿಗೆ ಅಂಗಡಿಯ ಮುಂದೆ ನಿಂತು ನೂರರಲ್ಲಿ ಒಂದನ್ನು ಆರಿಸುವ ಭಾಗ್ಯವಿರಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಮಾತು. ಮಾವನು ಕೊಟ್ಟುದನ್ನೋ, ಮೊದಲ ಸಂಬಳದಲ್ಲಿ ಕೈಗೆ ಎಟುಕಿದುದನ್ನೋ ಅವನು ಕಟ್ಟಿಕೊಂಡನು. ಹಾಗಾದರೆ ಅವನಿಗೆ ರುಚಿಯೇ ಇರಲಿಲ್ಲವೆ? ಇತ್ತು. ಪ್ರತಿದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಬಿಚ್ಚಿ ಒಂದೇ ಗೂಡಿನಲ್ಲಿ ಇಡುವುದು. ಸ್ನಾನವಾದ ಮೇಲೆ ಬೆರಳಿನ ತುದಿಗೆ ಬಿಗಿ ತಿಳಿಯುವವರೆಗೆ ಮಾತ್ರ ಕೀಲಿ ಕೊಡುವುದು. ಚರ್ಮದ ಪಟ್ಟಿಯು ಬೆವರಿಗೆ ಕೊಳೆತರೆ ಹೊಸದನ್ನು ಹಾಕಿಸುವುದು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಗುಂಡ್ಲುಪೇಟೆಗೋ ನಂಜನಗೂಡಿಗೋ ಒಯ್ದು ಎಣ್ಣೆ ಹಾಕಿಸುವುದು. ಅವನ ರುಚಿಯು ಆರಿಸುವಾಗ ತೋರದೆ, ಕಾಪಾಡುವಾಗ ತೋರಿತು. ಅಂಥ ಗಡಿಯಾರದೊಳಗಿನ ತೂಗುಚಕ್ರವು ಗಂಟೆಗೆ ೧೮,೦೦೦ ಸಲದಂತೆ ದಿನಕ್ಕೆ ೪,೩೨,೦೦೦ ಸಲ ಮಿಡಿಯುತ್ತದೆ. ಅದರ ಅಚ್ಚುಗಳು ಸವೆಯದಿರಲೆಂದು ೧೭ ಕೃತಕ ಕೆಂಪುಕಲ್ಲುಗಳನ್ನು ಕೂರಿಸಿರುತ್ತಾರೆ. ಮೂವತ್ತು ವರ್ಷ ಅಷ್ಟು ಮಿಡಿತಗಳನ್ನು ನಡೆಸಿಕೊಂಡು ಬಂದವನಿಗೆ ತನ್ನ ಗಡಿಯಾರದ ವಿಷಯದಲ್ಲಿ ರುಚಿಯಿಲ್ಲವೆಂದು ಯಾರು ಹೇಳಬಲ್ಲರು?

ಕಾಲವು ಬದಲಾಯಿತು. ಕೀಲಿಯಿಲ್ಲದೆ, ಬ್ಯಾಟರಿಯ ಬಲದಿಂದ, ಸೆಕೆಂಡಿಗೆ ೮,೧೯೨ ಸಲ ಕಂಪಿಸುವ ಸ್ಫಟಿಕವನ್ನು ನೆಚ್ಚಿ ನಡೆಯುವ ಗಡಿಯಾರವನ್ನು ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪೆನಿಯು ಮಾರುಕಟ್ಟೆಗೆ ತಂದಿತು. ಕನ್ನಡ ಬಲ್ಲ ಜನ ಬಹಳವಾಗಿರುವ ಹೊಸೂರಿನಲ್ಲಿ ಕಾರ್ಖಾನೆಯನ್ನು ಹೂಡಿದ ಟೈಟನ್ ಸಂಸ್ಥೆಯು ೧೯೮೪ರಲ್ಲಿ ಸ್ಥಾಪಿತವಾಗಿ, ಆ ಜಾತಿಯ ಗಡಿಯಾರಗಳನ್ನು ದೇಶದಲ್ಲೆಲ್ಲ ಹರಡಿತು. ಜಾಲಹಳ್ಳಿಯ ಗಡಿಯಾರಗಳಿಗೆ ಗಿರಾಕಿಗಳು ಕಡಿಮೆಯಾಗುತ್ತ ಬಂದು, ೨೦೧೬ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚುವುದಕ್ಕೆ ಒಪ್ಪಿಗೆಯನ್ನಿತ್ತಿತು. ಆಗ ಒಂದು ವಿಚಿತ್ರವು ನಡೆಯಿತು. ಮಾರಾಟಕ್ಕಿದ್ದಾಗ ಯಾರೂ ಕಣ್ಣೆತ್ತಿ ನೋಡದ ಗಡಿಯಾರಗಳಿಗೆ, ಇನ್ನು ದೊರೆಯುವುದಿಲ್ಲವೆಂಬ ಸುದ್ದಿ ಹಬ್ಬಿದೊಡನೆಯೇ ಜನ ಮುಗಿಬಿದ್ದರು. ಮೇಜಿನ ಖಾನೆಗಳಲ್ಲಿ ಧೂಳು ತಿನ್ನುತ್ತಿದ್ದುವುಗಳಿಗೆ ಬೆಲೆ ಬಂದಿತು. ಬೆಲೆ ಬಂದಲ್ಲಿ ಕಪಟವೂ ಬರುವುದು ಲೋಕದ ನಿಯಮ. ಹಳೆಯ ಮುಖವನ್ನು ಕೆರೆದು ಹೊಸ ಬಣ್ಣ ಬಳಿದು, ಒಂದರ ಮುಳ್ಳನ್ನು ಇನ್ನೊಂದಕ್ಕೆ ಹಾಕಿ, ಕಾರ್ಖಾನೆಯು ಎಂದೂ ಮಾಡದ ಬಣ್ಣದ ಪೈಲಟ್‌ಗಳನ್ನೂ ಜನತಾಗಳನ್ನೂ ಸೃಷ್ಟಿಸಿ ಮಾರುವ ಒಂದು ಕಸುಬೇ ಬೆಳೆದಿದೆ. ಈ ಕಸುಬಿಗೆ ಮುಂಬಯಿಯ ಹೆಸರು ಅಂಟಿಕೊಂಡಿದ್ದರೂ ಅದು ಆ ಒಂದು ಪಟ್ಟಣದ್ದೇ ಅಲ್ಲ.

ಈಗ ಮುಖ್ಯ ಪೂರ್ವಪಕ್ಷಕ್ಕೆ ಬರಬಹುದು. "ನನಗೆ ನೀಲಿಯ ಮುಖವು ಇಷ್ಟ; ನನ್ನ ದುಡ್ಡು; ನನ್ನ ಸಂಗ್ರಹ. ರುಚಿಯನ್ನು ಪ್ರಶ್ನಿಸುವ ಅಧಿಕಾರ ಯಾರಿಗಿದೆ?" ಎಂದು ಬೇಗೂರಿನ ಆ ತರುಣನೂ, ಅವನಂಥ ಸಾವಿರಾರು ಮಂದಿಯೂ ಕೇಳುತ್ತಾರೆ. ಇದಕ್ಕೆ ಉತ್ತರ ಕೊಡುವ ಮೊದಲು ಒಂದು ಪ್ರತಿಪ್ರಶ್ನೆಯನ್ನು ಹಾಕಬೇಕಾಗಿದೆ. ಆ ನೀಲಿಯು ಅವನಿಗೆ ಎಂದಿನಿಂದ ಇಷ್ಟವಾಯಿತು? ಅವನ ಪೆಟ್ಟಿಗೆಯಲ್ಲಿರುವ ಗಡಿಯಾರಗಳನ್ನು ಕೊಂಡ ಕ್ರಮವನ್ನು ಬರೆದಿಟ್ಟುಕೊಂಡು ನೋಡಿದರೆ, ನೀಲಿಯು ಇತರ ಸಂಗ್ರಾಹಕರಲ್ಲಿ ಹಬ್ಬಿದ ವರ್ಷ ಅವನೂ ನೀಲಿಯನ್ನು ಕೊಂಡಿದ್ದಾನೆ. ಹಸುರು ಹಬ್ಬಿದ ವರ್ಷ ಹಸುರನ್ನು ಕೊಂಡಿದ್ದಾನೆ. ದೊಡ್ಡ ಗಡಿಯಾರದ ಹುಚ್ಚು ಬಂದಾಗ ದೊಡ್ಡದನ್ನು, ಅದು ಇಳಿದಾಗ ಚಿಕ್ಕದನ್ನು ಕೊಂಡಿದ್ದಾನೆ. ಇದನ್ನು ಸ್ವಂತ ರುಚಿಯೆಂದು ಕರೆಯುವುದು ಹೇಗೆ? ಜಾತ್ರೆಯಲ್ಲಿ ಜನರ ನೂಕುನುಗ್ಗಲಿಗೆ ಸಿಕ್ಕಿ ರಥದ ಮುಂದೆ ಬಂದವನು, ತಾನೇ ದಾರಿಯನ್ನು ಆರಿಸಿಕೊಂಡು ಬಂದೆನೆಂದು ಹೇಳಿದಂತಾಯಿತು.

ರುಚಿಯು ಪ್ರಶ್ನಾತೀತವೆಂದು ಈ ದೇಶದ ಆಲಂಕಾರಿಕರು ಎಂದೂ ಒಪ್ಪಲಿಲ್ಲ. ಕಾವ್ಯವನ್ನು ಸವಿಯುವವನನ್ನು ಅವರು ಸಹೃದಯನೆಂದು ಕರೆದರು. ಆದರೆ ಹುಟ್ಟಿದವರೆಲ್ಲರೂ ಸಹೃದಯರೆಂದು ಹೇಳಲಿಲ್ಲ. ಬಹುಕಾಲದ ಪರಿಚಯದಿಂದಲೂ ಅಭ್ಯಾಸದಿಂದಲೂ ಮನಸ್ಸಿನ ಕನ್ನಡಿಯು ನಿರ್ಮಲವಾದವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆಂದರು. ಎಂದರೆ ರುಚಿಯು ಜನ್ಮದಿಂದ ಬಂದ ಹಕ್ಕಲ್ಲ, ಗಳಿಸಿಕೊಳ್ಳತಕ್ಕ ಗುಣ. ಸಂಗೀತವನ್ನು ಕೇಳುವವನಿಗೂ, ಸೀರೆಯ ಅಂಚನ್ನು ನೋಡುವ ಗೃಹಿಣಿಗೂ ಈ ನಿಯಮವು ಅನ್ವಯಿಸುತ್ತದೆ. ಕೈಗಡಿಯಾರದವನಿಗೆ ಮಾತ್ರ ವಿನಾಯಿತಿ ಏಕೆ?

ನಿಜವಾದ ರುಚಿಯನ್ನು ಗುರುತಿಸುವುದಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು.

ಮೊದಲನೆಯದು, ಅದಕ್ಕೆ ಹೇಳಬಹುದಾದ ಕಾರಣವಿರುತ್ತದೆ. ಆಸ್ಪತ್ರೆಯ ದಾದಿಯು ಸೆಕೆಂಡಿನ ಮುಳ್ಳು ಸ್ಪಷ್ಟವಾಗಿ ಕಾಣುವ ಬಿಳಿಯ ಮುಖದ ಗಡಿಯಾರವನ್ನೇ ಬಯಸುತ್ತಾಳೆ. ಆಕೆ ರೋಗಿಯ ನಾಡಿಯನ್ನು ಎಣಿಸಬೇಕು. ಅರುವತ್ತು ದಾಟಿದವನು ದೊಡ್ಡ ಅಂಕಿಗಳನ್ನು ಕೇಳುತ್ತಾನೆ; ಅವನ ಕಣ್ಣು ಕನ್ನಡಕವನ್ನು ಹುಡುಕುವ ಮೊದಲೇ ವೇಳೆಯು ತಿಳಿಯಬೇಕು. ಅರಿಶಿನವನ್ನು ಬೇಯಿಸಿ ಒಣಗಿಸುವ ಕಣದಲ್ಲಿ ಓಡಾಡುವ ರೈತನಿಗೆ ಚರ್ಮದ ಪಟ್ಟಿಯು ಬೇಡ; ಬೆವರಿಗೂ ಹಬೆಗೂ ತಾಳುವ ಉಕ್ಕಿನ ಚೈನು ಬೇಕು. ಸಣ್ಣ ಮಣಿಕಟ್ಟಿನವನಿಗೆ ಸುಮಾರು ೩೫ ಮಿಲಿಮೀಟರು ಅಗಲದ ಹಳೆಯ ಅಳತೆಯೇ ಒಪ್ಪುತ್ತದೆ. ಅಂಗಿಯ ತೋಳಿನೊಳಗೆ ಮರೆಯಾಗಿರಬೇಕೆನ್ನುವವನು ೨೦೦೨ರಲ್ಲಿ ಬಂದ, ೩.೫ ಮಿಲಿಮೀಟರು ಮಾತ್ರ ದಪ್ಪವಿರುವ ಟೈಟನ್ ಎಡ್ಜ್ ಅನ್ನು ಮೆಚ್ಚುತ್ತಾನೆ. ಕನ್ನಡದ ಅಂಕಿಗಳೇ ಬೇಕೆನ್ನುವವನಿಗೆ ಭಾಷಾಭಿಮಾನವು ಕಾರಣ. ಇವೆಲ್ಲ ವೈಯಕ್ತಿಕವಾದ ಇಷ್ಟಗಳೇ, ಒಂದರಂತೆ ಮತ್ತೊಂದಿಲ್ಲ. ಆದರೆ ಏಕೆಂದು ಕೇಳಿದರೆ ಪ್ರತಿಯೊಬ್ಬರೂ ಉತ್ತರ ಕೊಡಬಲ್ಲರು.

ಎರಡನೆಯದು, ಅದು ಬೇಡವೆನ್ನಬಲ್ಲುದು. ಎಲ್ಲವನ್ನೂ ಇಷ್ಟಪಡುವವನಿಗೆ ಇಷ್ಟವೆಂಬುದೇ ಇಲ್ಲ. ಕೀಲಿ ಕೊಡುವ ಗಡಿಯಾರಗಳನ್ನು ಮಾತ್ರ ಇಟ್ಟುಕೊಳ್ಳುವೆನೆಂದು ನಿಶ್ಚಯಿಸಿದವನಿಗೆ, ಅಗ್ಗದಲ್ಲಿ ದೊರೆತ ಚಿನ್ನದ ನೀರಿನ ಬ್ಯಾಟರಿ ಗಡಿಯಾರವನ್ನು ಹಿಂದಿರುಗಿಸುವಾಗ ಕೈ ನಡುಗಬಹುದು. ಹಿಂದಿರುಗಿಸಿದನಾದರೆ ಅವನ ನಿಶ್ಚಯವು ದೃಢವೆಂದು ತಿಳಿಯಬೇಕು. ಐದು ಗಡಿಯಾರಗಳ ಸಂಗ್ರಹದಲ್ಲಿ ಬಿಟ್ಟುಕೊಟ್ಟ ಐವತ್ತು ಕಾಣದಂತೆ ಇರುತ್ತವೆ. ಬೇಗೂರಿನ ತರುಣನ ಪೆಟ್ಟಿಗೆಯಲ್ಲಿರುವ ಮೂವತ್ತರಲ್ಲಿ ಅವನು ಬಿಟ್ಟುಕೊಟ್ಟುದು ಯಾವುದೂ ಕಾಣುವುದಿಲ್ಲ.

ಮೂರನೆಯದು, ಅದು ಬಳಕೆಯಲ್ಲಿ ನಿಲ್ಲುತ್ತದೆ. ಕಟ್ಟಿಕೊಳ್ಳದ, ಕೀಲಿ ಕೊಡದ, ಕಿವಿಗೆ ಹಿಡಿದು ಕೇಳದ ಗಡಿಯಾರದ ವಿಷಯದಲ್ಲಿ ಇಷ್ಟವಿದೆಯೆನ್ನುವುದು, ಹಾಡನ್ನು ಕೇಳದೆಯೇ ಸಂಗೀತಗಾರನ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿದಂತೆ. ಯಂತ್ರಕ್ಕಂತೂ ಅದು ಅಪಾಯವೇ. ಬಹುಕಾಲ ನಿಂತ ಗಡಿಯಾರದಲ್ಲಿ ಎಣ್ಣೆಯು ಗಟ್ಟಿಯಾಗುತ್ತದೆ. ತೆಗೆಯದೆ ಬಿಟ್ಟ ಬ್ಯಾಟರಿಯು ಸೋರಿ ಒಳಗನ್ನು ಕೆಡಿಸುತ್ತದೆ.

"ಬೆಲೆಯು ಏರುತ್ತದೆ, ಅದಕ್ಕಾಗಿ ಇಟ್ಟಿದ್ದೇನೆ" ಎನ್ನುವವರೂ ಉಂಟು. ಇವರೊಡನೆ ಹೆಚ್ಚು ವಾದವಿಲ್ಲ. ಅದು ವ್ಯಾಪಾರ, ವ್ಯಾಪಾರವು ನಿಂದ್ಯವಲ್ಲ. ಅರಿಶಿನವನ್ನು ದಾಸ್ತಾನು ಮಾಡಿ ಧಾರಣೆ ಏರಿದಾಗ ಮಾರುವವನು ತನಗೆ ಅರಿಶಿನದ ಮೇಲೆ ಅಪಾರ ಪ್ರೇಮವೆಂದು ಹೇಳಿಕೊಳ್ಳುವುದಿಲ್ಲ. ಅಷ್ಟು ಪ್ರಾಮಾಣಿಕತೆಯನ್ನು ಗಡಿಯಾರದ ದಾಸ್ತಾನುಗಾರನೂ ತೋರಿಸಿದರೆ ಸಾಕು.

ಇನ್ನು ಉಳಿದುದು ಅತ್ಯಂತ ಬಲವಾದ ಆಕ್ಷೇಪ. "ದುರಸ್ತಿ ಮಾಡಿಸದೆ ಬಿಟ್ಟರೆ ಹಳೆಯ ಗಡಿಯಾರವು ಕೆಟ್ಟೇ ಹೋಗುತ್ತದೆ. ಅದನ್ನು ಚೊಕ್ಕಟ ಮಾಡಿಸಿದುದರಲ್ಲಿ ತಪ್ಪೇನು? ದೇವಾಲಯಗಳಿಗೂ ಜೀರ್ಣೋದ್ಧಾರವಿಲ್ಲವೆ?" ಎಂಬುದು. ಉಪಮಾನವು ಸರಿಯಾಗಿಯೇ ಇದೆ. ಅದನ್ನು ಕಡೆಯವರೆಗೆ ಹಿಡಿದು ನಡೆಯಬೇಕು. ಸೋರುವ ಛಾವಣಿಯನ್ನು ಮುಚ್ಚುವುದು, ಕುಸಿದ ಕಂಬವನ್ನು ಎತ್ತಿನಿಲ್ಲಿಸುವುದು, ಗೋಡೆಯಲ್ಲಿ ಬೇರುಬಿಟ್ಟ ಅರಳಿಯನ್ನು ಕೀಳುವುದು ಜೀರ್ಣೋದ್ಧಾರ. ಕಲ್ಲಿನ ಶಿಲ್ಪಕ್ಕೆ ಅಂಗಡಿಯ ಎಣ್ಣೆಬಣ್ಣವನ್ನು ಬಳಿಯುವುದು ಜೀರ್ಣೋದ್ಧಾರವಲ್ಲ; ಅದನ್ನು ಕಂಡು ತಿಳಿದವರು ಮರುಗುತ್ತಾರೆ. ಗಡಿಯಾರದಲ್ಲಿಯೂ ಇದೇ ನ್ಯಾಯ. ಒಳಗನ್ನು ಬಿಚ್ಚಿ ತೊಳೆದು ಎಣ್ಣೆಯಿಡಿಸುವುದು, ಮುರಿದ ಸ್ಪ್ರಿಂಗನ್ನು ಬದಲಿಸುವುದು, ಗೀರುಬಿದ್ದ ಗಾಜನ್ನು ತೆಗೆದು ಹೊಸದನ್ನು ಕೂರಿಸುವುದು, ಪಟ್ಟಿಯನ್ನು ಹೊಸದು ಮಾಡುವುದು ಇವೆಲ್ಲ ಅದರ ಪ್ರಾಣವನ್ನು ಕಾಯುವ ಕೆಲಸಗಳು. ಮುಖವನ್ನು ಕೆರೆದು ಬಳಿಯುವುದರಿಂದ ವೇಳೆಯು ಒಂದು ಸೆಕೆಂಡೂ ಸರಿಹೋಗುವುದಿಲ್ಲ. ಕವಚವನ್ನು ಉಜ್ಜಿ ಹೊಳೆಯಿಸಿದಷ್ಟೂ ಅದರ ಅಂಚುಗಳು ಕರಗಿ, ಹಿಂಬದಿಯಲ್ಲಿ ಕೊರೆದ ಅಕ್ಷರಗಳು ಅಳಿಯುತ್ತವೆ. ಎಣ್ಣೆಯ ಕೆಲಸವು ತಪ್ಪಿದರೆ ಮತ್ತೆ ಮಾಡಿಸಬಹುದು. ಕೆರೆದ ಮುಖವು ಮತ್ತೆ ಬರುವುದಿಲ್ಲ. ಆ ತರುಣನು ತಾಯಿಯ ಮಾತು ಮನಸ್ಸನ್ನು ಕೊರೆಯತೊಡಗಿದ ಮೇಲೆ, ಹಳೆಯ ಮುಖವನ್ನು ಹಿಂದಕ್ಕೆ ಕಳುಹಿಸಬೇಕೆಂದು ಆ ದೂರದ ಊರಿಗೆ ಬರೆದನಂತೆ. ಅದೇ ತಗಡಿನ ಮೇಲೆಯೇ ಹೊಸ ಬಣ್ಣವನ್ನು ಬಳಿದಿದೆ, ಹಳೆಯದೆಂಬುದು ಬೇರೆ ಇಲ್ಲ ಎಂದು ಉತ್ತರ ಬಂದಿತು.

ಇಲ್ಲಿ ಒಂದು ಭೇದವನ್ನು ಹೇಳದೆ ಬಿಡುವುದು ಅನ್ಯಾಯವಾದೀತು. ಹೊಸದಾಗಿ ಕೊಂಡ, ಯಾರ ನೆನಪೂ ಅಂಟದ ಗಡಿಯಾರಕ್ಕೆ ತನ್ನ ಇಷ್ಟದ ಮುಖವನ್ನು, ಬೇಕಾದರೆ ಕನ್ನಡದ ಅಂಕಿಗಳನ್ನು, ಯಾವಾತನು ಹಾಕಿಸಿಕೊಂಡರೂ ಆಕ್ಷೇಪಿಸುವವರಿಲ್ಲ. ಮುಂದೆ ಅದನ್ನು ಮಾರುವಾಗ ಹೀಗೆ ಮಾಡಿಸಿದೆನೆಂದು ಸ್ಪಷ್ಟವಾಗಿ ಹೇಳಿದರೆ ಆಯಿತು. ಅಲ್ಲಿ ಇಷ್ಟಕ್ಕೆ ಪೂರ್ಣಾಧಿಕಾರವಿದೆ. ತಂದೆಯ ಗಡಿಯಾರದ ಸ್ಥಿತಿಯು ಬೇರೆ. ಕಾಗದಪತ್ರದ ಮಾತಿನಲ್ಲಿ ಅದು ಮಗನ ಸೊತ್ತಾಗಿರಬಹುದು. ಆದರೆ ನಾಲ್ಕು ಗಂಟೆಯ ಬಳಿಯ ಆ ಕಲೆಯು ಮಗನದಾಗಿರಲಿಲ್ಲ; ಅದು ಯಾವ ಮಳೆಗಾಲದ್ದೆಂದು ತಾಯಿಗೆ ತಿಳಿದಿತ್ತು. ಸಂಜೆ ಬಸ್ಸಿಳಿದು ಬಂದವರು ಕೈಯಿಂದ ಬಿಚ್ಚಿ ಕೊಟ್ಟುದನ್ನು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿ ಇಟ್ಟವರು ಆಕೆ. ಒಂದು ವಸ್ತುವಿನಲ್ಲಿ ಅನ್ಯರ ಸ್ಮರಣೆಯು ಸೇರಿಕೊಂಡಿರುವಷ್ಟರ ಮಟ್ಟಿಗೆ, ಅದರ ಒಡೆಯನ ಇಷ್ಟವು ಕೈಕಟ್ಟಿ ನಿಲ್ಲಬೇಕು. ಅಲ್ಲಿ ಅವನು ಒಡೆಯನಿಗಿಂತ ಹೆಚ್ಚಾಗಿ ಪಾಲಕನು. ಆ ತರುಣನು ಮಾಡಬೇಕಾಗಿದ್ದುದು ಬಹಳವೇನಿರಲಿಲ್ಲ. ಕಳುಹಿಸುವುದಕ್ಕೆ ಮುಂಚೆ, "ಅವ್ವ, ಇದನ್ನು ಹೀಗೆ ಮಾಡಿಸಲೆ?" ಎಂದು ಒಂದು ಮಾತು ಕೇಳಬೇಕಾಗಿತ್ತು.

ಸಂಸ್ಥೆಗಳು ತಮ್ಮ ಸ್ಮರಣೆಯನ್ನು ತಾವು ಕಾಯ್ದುಕೊಳ್ಳುತ್ತವೆ. ಜಾಲಹಳ್ಳಿಯಲ್ಲಿ ೨೦೧೯ರಲ್ಲಿ ಎಚ್.ಎಂ.ಟಿ. ಪರಂಪರೆಯ ವಸ್ತುಸಂಗ್ರಹಾಲಯವು ತೆರೆಯಿತು. ಅಲ್ಲಿ ಕಾರ್ಖಾನೆಯು ಮಾಡಿದ ಗಡಿಯಾರಗಳನ್ನು ನೋಡಬಹುದು. ಆದರೆ ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಆ ಗಡಿಯಾರಗಳಿಗೆ ಬೇಗೂರಿನಲ್ಲಿಯೋ ತೆರಕಣಾಂಬಿಯಲ್ಲಿಯೋ ಏನಾಯಿತೆಂಬುದನ್ನು ಯಾವ ವಸ್ತುಸಂಗ್ರಹಾಲಯವೂ ಹೇಳಲಾರದು. ಅದನ್ನು ಮನೆಗಳೇ ಉಳಿಸಿಕೊಳ್ಳಬೇಕು. ಮೈಸೂರು ಸೀಮೆಯ ಸಾವಿರಾರು ಮನೆಗಳ ಬೀರುಗಳಲ್ಲಿ ಈಗ ಇಂಥ ಗಡಿಯಾರಗಳಿವೆ. ಅವುಗಳನ್ನು ಕಟ್ಟಿಕೊಂಡಿದ್ದವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಅವುಗಳ ಕಥೆಯನ್ನು ಬಲ್ಲವರೂ, ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಅವುಗಳನ್ನು ಸರಿಮಾಡಬಲ್ಲವರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈಗ ತಪ್ಪಿದರೆ ಆಮೇ‌ಲೆ ಸರಿಪಡಿಸುವುದಕ್ಕೆ ಅವಕಾಶವಿರದು.

ಆದುದರಿಂದ ವಾಚಕರಲ್ಲಿ ಸಂಗ್ರಾಹಕರಾದವರು ಒಂದು ಕೆಲಸವನ್ನು ಮಾಡಬಹುದು. ಆಯುಧಪೂಜೆಯ ದಿನ ಮನೆಯ ಕತ್ತಿ, ಕುಡುಗೋಲು, ಲೇಖನಿ, ವಾಹನಗಳ ಜೊತೆಗೆ ಗಡಿಯಾರದ ಪೆಟ್ಟಿಗೆಯನ್ನೂ ತೆರೆಯಲಿ. ಒಂದೊಂದನ್ನೂ ಕೈಗೆತ್ತಿಕೊಂಡು ಕೀಲಿ ಕೊಟ್ಟು, ಇದು ಏಕೆ ಇಲ್ಲಿದೆಯೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ದೊರೆತ ಉತ್ತರವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಲಿ. ಯಾರದು, ಯಾವ ವರ್ಷದ್ದು, ಯಾವ ಸಂದರ್ಭದಲ್ಲಿ ಬಂದುದು, ಯಾವ ಕಲೆ ಎಲ್ಲಿಯದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡರೆ ಮತ್ತೂ ಒಳ್ಳೆಯದು. ಯಾವ ಗಡಿಯಾರಕ್ಕೆ ಉತ್ತರವು ದೊರೆಯುವುದಿಲ್ಲವೋ, ಅದನ್ನು ಹೈಸ್ಕೂಲಿಗೆ ಹೋಗುವ ಅಕ್ಕನ ಮಗನಿಗೋ, ಹೊಸದಾಗಿ ನೌಕರಿಗೆ ಸೇರಿದ ಪಕ್ಕದ ಮನೆಯ ಹುಡುಗಿಗೋ ಕೊಟ್ಟುಬಿಡಲಿ. ಅವರ ಕೈಯಲ್ಲಿ ಅದು ನಡೆಯಲಿ.